ಅತ್ತೆಯ ಉರುಳುಸೇವೆ, ನನ್ನ ತಲೆಸುತ್ತು

ಆ ಬೆಳಿಗ್ಗೆ ಮಗು ನನ್ನ ಸೊಂಟದ ಮೇಲಿತ್ತೋ, ತೊಟ್ಟಿಲಲ್ಲಿತ್ತೋ ನನಗೆ ಇವತ್ತಿಗೂ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅದು ತೊಟ್ಟಿಲಲ್ಲಿದೆ. ತೊಟ್ಟಿಲ ಹಗ್ಗಕ್ಕೆ ಸುತ್ತಿದ್ದ ಹಳದಿ ಸೀರೆಯ ಚೂರು ಕೂಡ ಕಾಣುತ್ತದೆ. ಆದರೆ ಆ ಸೀರೆ ನನ್ನ ನಾದಿನಿಯ ಮದುವೆಯಲ್ಲಿ ಬಂದದ್ದು, ಮದುವೆ ಆದದ್ದು ಆಮೇಲೆ. ಹಾಗಾದರೆ ನಾನು ಕಾಣುತ್ತಿರುವುದು ಯಾವ ತೊಟ್ಟಿಲು? ದಿನಚರಿ ಬರೆಯುವ ಚಾಳಿ ನನಗೆ ಓದುವ ದಿನಗಳಿಂದಲೂ ಇದೆ. ತೆಗೆದು ನೋಡಿದರೆ ಆ ತಿಂಗಳುಗಳ ಹಾಳೆಗಳು ಖಾಲಿ. ಬರೆಯಲು ಅಕ್ಷರದ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದೆಲ್ಲ ನನ್ನ ನೆನಪು, ಮತ್ತು ಮನೆಯವರು ಹೇಳಿ ಹೇಳಿ ನನ್ನದೇ ಆಗಿಬಿಟ್ಟ ಅವರ ನೆನಪು. ಎರಡನ್ನೂ ಬೇರೆ ಮಾಡಲು ಹೋಗಿ ಸೋತಿದ್ದೇನೆ.

ತೊಂಬತ್ತರ ದಶಕದ ಕೊನೆ. ನಂಜನಗೂಡಿನಲ್ಲಿ, ಗುಡಿಯಿಂದ ಹೆಚ್ಚು ದೂರವಿಲ್ಲದ ಒಂದು ಬಾಡಿಗೆ ಮನೆಯಲ್ಲಿ ಇದ್ದೆವು. ನನ್ನ ಗಂಡನಿಗೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಮಗಳು ಅಂಬೆಗಾಲು ಬಿಟ್ಟು ಗೋಡೆ ಹಿಡಿದು ನಿಲ್ಲುವುದಕ್ಕೆ ಶುರುಮಾಡಿದ್ದಳು. ಅವಳನ್ನು ನೋಡಿಕೊಳ್ಳಲೆಂದು ಅತ್ತೆ ತಮ್ಮೂರು ಕಳಲೆಯಿಂದ ಬಂದು ನಮ್ಮ ಜೊತೆಯಲ್ಲೇ ಉಳಿದಿದ್ದರು.

ಹಾಲಿನ ಪಾತ್ರೆ ಇಳಿಸಲು ಬಗ್ಗಿದವಳು ನೆಟ್ಟಗಾದೆ. ಅಷ್ಟೇ. ಎದುರಿನ ಗೋಡೆ ಬಲಕ್ಕೆ ಹೊರಟಿತು. ಕ್ಯಾಲೆಂಡರು, ತಟ್ಟೆಯ ಸ್ಟ್ಯಾಂಡು, ಕಿಟಕಿ ಎಲ್ಲವೂ ಬಲಕ್ಕೆ ಓಡುತ್ತಿದ್ದವು. ಓಡಿ ಹೋಗಿ ಎಲ್ಲಿಯೂ ಮುಟ್ಟುತ್ತಿರಲಿಲ್ಲ, ಮತ್ತೆ ಇದ್ದಲ್ಲಿಂದಲೇ ಓಡುತ್ತಿದ್ದವು. ಕಣ್ಣು ಮುಚ್ಚಿದೆ. ಅದು ಇನ್ನೂ ಕೆಟ್ಟದಾಯಿತು. ಗೋಡೆ ಹೋಗಿ ನಾನೇ ತಿರುಗತೊಡಗಿದೆ. ಹಿಡಿಯಲು ಕೈ ಚಾಚಿದ ಕಡೆ ಏನೂ ಇರಲಿಲ್ಲ. ಎಡಕ್ಕೆ ಬಿದ್ದೆ.

ಅತ್ತೆ ಓಡಿ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ಬೀಗದಕೈ ಗೊಂಚಲನ್ನು ಕಿತ್ತು ನನ್ನ ಅಂಗೈಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮೇಲೆ ತಮ್ಮ ಎರಡೂ ಕೈಗಳಿಂದ ಅಮುಕಿದರು.

"ಬಿಡಬ್ಯಾಡ ಕಣವ್ವ, ಗಟ್ಯಾಗಿ ಇಡ್ಕ. ಕಬ್ಬಿಣ ಅದೆ, ಇಡ್ಕ."

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ಮೂರ್ಛೆ ಇಳಿಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಇದು ಮೂರ್ಛೆಯಲ್ಲ, ನನಗೆ ಎಚ್ಚರವಿದೆ, ಎಲ್ಲ ಕೇಳಿಸುತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಮಾತಿನ ಬದಲು ವಾಂತಿ ಬಂತು. ಬೀಗದಕೈಗಳ ಹಲ್ಲು ಅಂಗೈಯೊಳಗೆ ನಾಟಿದ ನೋವು ನನಗೆ ಚೆನ್ನಾಗಿ ನೆನಪಿದೆ. ಇಡೀ ಮನೆಯಲ್ಲಿ ಆಗ ತಿರುಗದೆ ಇದ್ದದ್ದು ಆ ನೋವೊಂದೇ.

ಆ ದಿನ ಸಂಜೆಯ ಹೊತ್ತಿಗೆ ಅತ್ತೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದದ್ದು ಮಲಗಿದ್ದಲ್ಲಿಗೇ ಕೇಳಿಸಿತು. ಮಗು ಸೊಸೆಯ ಸೊಂಟದ ಮೇಲೇ ಇತ್ತು, ತಾನು ಹೋಗಿ ಹಿಡಿಯದಿದ್ದರೆ ಅದರ ತಲೆಬುರುಡೆ ಒಡೆದುಹೋಗುತ್ತಿತ್ತು ಎಂದು. ಇಲ್ಲ, ಮಗು ತೊಟ್ಟಿಲಲ್ಲಿತ್ತು ಎಂದು ನಾನು ಕೂಗಬೇಕಿತ್ತು. ಕೂಗಲಿಲ್ಲ. ಗೋಡೆ ಓಡುವುದನ್ನು ಕಣ್ಣಾರೆ ಕಂಡವಳು ತೊಟ್ಟಿಲನ್ನು ಕಂಡೆ ಎಂದರೆ ಯಾರು ನಂಬುತ್ತಾರೆ? ನಾನೇ ನಂಬುತ್ತಿರಲಿಲ್ಲ. ಅಂದಿನಿಂದ ಮಗುವನ್ನು ನನ್ನ ಕೈಗೆ ಕೊಡುವುದು ನಿಂತಿತು.

ಹತ್ತಿರದ ಡಾಕ್ಟರು ಪಿತ್ತ ಎಂದರು, ಬಿ.ಪಿ. ನೋಡಿದರು, ಮಾತ್ರೆ ಕೊಟ್ಟರು. ಮಾತ್ರೆ ನುಂಗುತ್ತಿರುವಷ್ಟು ದಿನ ಮಗುವಿಗೆ ಎದೆಹಾಲು ಕೊಡಬೇಡಿ ಎಂದೂ ಹೇಳಿದರು. ಮಗಳಿಗೆ ಅತ್ತೆ ರಾಗಿ ಸರಿ ತಿನ್ನಿಸುವುದನ್ನು, ಅವಳು ತಿಂದು ತೇಗುವುದನ್ನು ಒಳಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಮೊದಮೊದಲು ನನ್ನ ಕೋಣೆಯ ಕಡೆಗೆ ಬಂದು ಹೊಸಿಲು ಹಿಡಿದು ಅಳುತ್ತಿದ್ದಳು. ಆಮೇಲೆ ಅಳುವುದನ್ನು ಬಿಟ್ಟಳು. ನನಗೆ ಅದೇ ಹೆಚ್ಚು ಭಯವಾಯಿತು.

ಸುತ್ತು ಕೆಲವು ದಿನಕ್ಕೆ ಸ್ವಲ್ಪ ತಗ್ಗಿತು, ಆದರೆ ಹೋಗಲಿಲ್ಲ. ಹೊಂಚು ಹಾಕಿ ಕೂತಂತೆ ಇರುತ್ತಿತ್ತು. ಯಾರಾದರೂ ಕರೆದಾಗ ಫಕ್ಕನೆ ತಿರುಗಿದರೆ ಬರುತ್ತಿತ್ತು. ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚಿದರೆ ಬರುತ್ತಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಮುಂಚೆ ಗೋಡೆಗೆ ಕೈ ಕೊಟ್ಟು, ಉಸಿರು ಹಿಡಿದು, ಸ್ವಲ್ಪ ಸ್ವಲ್ಪವೇ ಹೊರಳುತ್ತಿದ್ದೆ. ಕೊನೆಗೆ ತಲೆಯನ್ನೇ ಅಲುಗಿಸದೆ ಇರುವುದನ್ನು ಕಲಿತೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದೆ, ನೀರು ತುಂಬಿದ ಬಿಂದಿಗೆ ಹೊತ್ತವರ ಹಾಗೆ.

ಅತ್ತೆ ಹರಕೆ ಹೊತ್ತದ್ದು ಈ ದಿನಗಳಲ್ಲಿ. ನನಗೆ ಹೇಳಿ ಹೊತ್ತದ್ದಲ್ಲ. ಒಂದು ಬೆಳಿಗ್ಗೆ ಗುಡಿಗೆ ಹೋಗಿ ಬಂದು, ತೀರ್ಥ ಕೊಡುತ್ತಾ ಹೇಳಿದರು. ನನ್ನ ಸೊಸೆ ಎದ್ದು ಓಡಾಡುವಂತಾದರೆ ಅವಳ ಕೈಲೇ ಗುಡಿಯ ಸುತ್ತ ಉರುಳುಸೇವೆ ಮಾಡಿಸುತ್ತೇನೆ ಅಂತ ನಂಜುಂಡಪ್ಪನಿಗೆ ಬೇಡಿಕೊಂಡಿದ್ದಾರಂತೆ. ಹರಕೆ ತೀರಿಸಿದ ಮೇಲೆ ಮಗುವನ್ನು ನನ್ನ ಕೈಗೆ ಕೊಡುವುದಂತೆ. ಅಲ್ಲಿಯವರೆಗೆ ಆ ಮಗು ದೇವರ ಹೊಣೆ, ತನ್ನ ಹೊಣೆ. ಹಾಸಿಗೆಯಲ್ಲಿ ಮಗ್ಗುಲಾಗುವುದಕ್ಕೆ ಹೆದರುವವಳು ಒದ್ದೆ ಬಟ್ಟೆಯಲ್ಲಿ ಕಲ್ಲುಹಾಸಿನ ಮೇಲೆ ಗುಡಿ ಪೂರ್ತಿ ಸುತ್ತು ಬರುವಷ್ಟು ಉರುಳಬೇಕು ಎಂದರೆ ಏನೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ನೆಲ ಮುಟ್ಟಿ ಉರುಳುವವಳು ಬೀಳುವುದಾದರೂ ಎಲ್ಲಿಗೆ ಎಂದುಕೊಂಡರೋ ಏನೋ.

ಮೈಸೂರಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೂ ಅತ್ತೆಯೇ. ಗಂಡನಿಗೆ ಡ್ಯೂಟಿ ಇತ್ತು. ಡಾಕ್ಟರು ನನ್ನನ್ನು ತಿರುಗುವ ಕುರ್ಚಿಯೊಂದರಲ್ಲಿ ಕೂರಿಸಿದರು, ಕಣ್ಣು ಮುಚ್ಚಿಸಿದರು, ಕುರ್ಚಿಯನ್ನು ಮೆಲ್ಲಗೆ ಸುತ್ತಿಸಿದರು. ನಾನು ಕುರ್ಚಿಯ ಕೈಗಳನ್ನು ಹಿಡಿದದ್ದು ಹೇಗಿತ್ತೆಂದರೆ ಆಮೇಲೆ ಬೆರಳು ಬಿಡಿಸಲು ಕಷ್ಟವಾಯಿತು. ಸುತ್ತಿಸಿ ಸುತ್ತಿಸಿ ಥಟ್ಟನೆ ನಿಲ್ಲಿಸಿ, ಕಣ್ಣು ತೆರೆಸಿ, ಕಣ್ಣಾಲಿಗಳನ್ನು ನೋಡಿದರು. ಮತ್ತೆ ಇನ್ನೊಂದು ಕಡೆಗೆ ಸುತ್ತಿಸಿ ನೋಡಿದರು. ಎಡಗಿವಿಯ ನರಕ್ಕೆ ಯಾವುದೋ ವೈರಸ್ಸಿನಿಂದ ಪೆಟ್ಟಾಗಿದೆ ಎಂದರು.

ಈ ವಿಷಯವನ್ನೇ ನಾನು ಪ್ರತಿವರ್ಷ ಪಾಠ ಮಾಡುತ್ತಿದ್ದೆ. ಚೊಂಬಿನಲ್ಲಿ ನೀರು ತುಂಬಿ, ಒಂದು ತುಳಸಿ ಎಲೆ ತೇಲಿಬಿಟ್ಟು, ಚೊಂಬನ್ನು ತಿರುಗಿಸಿ ತೋರಿಸುತ್ತಿದ್ದೆ. ಮೊದಲಿಗೆ ಚೊಂಬು ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಎಲೆಯೂ ಚೊಂಬಿನ ಜೊತೆಗೂಡುತ್ತವೆ. ಚೊಂಬನ್ನು ನಿಲ್ಲಿಸಿದರೆ ಎಲೆ ಮಾತ್ರ ಇನ್ನೂ ತಿರುಗುತ್ತಿರುತ್ತದೆ. ಒಳಗಿವಿಯ ನಾಳಗಳಲ್ಲಿ ಇರುವ ದ್ರವವೂ ಹೀಗೆಯೇ, ಅದರ ಸುದ್ದಿ ನರದ ಮೂಲಕ ಮಿದುಳಿನ ಬುಡದಲ್ಲಿರುವ ನರಕೋಶಗಳಿಗೆ ಹೋಗುತ್ತದೆ ಎಂದು ಹೇಳಿ, ಬೋರ್ಡು ಒರೆಸಿ ಬರುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ನರಕೋಶಗಳು ಸುದ್ದಿ ಇಟ್ಟುಕೊಂಡು ಏನು ಮಾಡುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ನಾವು ಸುಮ್ಮನೆ ಕೂತಿದ್ದಾಗಲೂ ಆ ಕೋಶಗಳು ಸುಮ್ಮನಿರುವುದಿಲ್ಲ. ಎಡಗಡೆಯವು, ಬಲಗಡೆಯವು ಒಂದೇ ಸಮನೆ ಮಿಡಿಯುತ್ತಿರುತ್ತವೆ. ತಲೆ ಬಲಕ್ಕೆ ತಿರುಗಿದರೆ ಬಲಗಡೆಯವುಗಳ ಮಿಡಿತ ಏರುತ್ತದೆ, ಎಡಗಡೆಯವುಗಳದು ಇಳಿಯುತ್ತದೆ. ಎಡಕ್ಕೆ ತಿರುಗಿದರೆ ಇದರ ತಿರುಗುಮುರುಗು. ಮಿದುಳು ಓದುವುದು ಈ ವ್ಯತ್ಯಾಸವನ್ನು. ನನ್ನಲ್ಲಿ ಎಡಗಡೆಯ ನರ ಸತ್ತಂತಾಗಿ ಆ ಕಡೆಯ ಕೋಶಗಳು ಒಮ್ಮೆಗೇ ಮೌನವಾಗಿದ್ದವು. ಬಲಗಡೆಯವು ಯಾವ ತಪ್ಪೂ ಮಾಡದೆ ಎಂದಿನಂತೆ ಮಿಡಿಯುತ್ತಿದ್ದವು. ಆದರೆ ವ್ಯತ್ಯಾಸವನ್ನೇ ಓದಿ ರೂಢಿಯಾದ ಮಿದುಳಿಗೆ ಅದು ಬಲಕ್ಕೆ ತಿರುಗುತ್ತಿರುವ ಹಾಗೆ ಕಂಡಿತ್ತು. ನಿಲ್ಲದೆ, ಮಲಗಿದ್ದಾಗಲೂ.

ಕೇಳಿದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನ ತಲೆಯೊಳಗೆ ಒಂದು ಕಡೆ ಇಂಥ ಕೋಶಗಳಿವೆ, ಅವು ಇಲ್ಲದ್ದನ್ನು ಇದೆ ಎನ್ನಬಲ್ಲವು, ಅದು ಸುಳ್ಳು ಎಂದು ನನಗೆ ಗೊತ್ತಿದ್ದರೂ ಅವು ನನ್ನ ಮಾತು ಕೇಳುವುದಿಲ್ಲ. ಹಾಗಾದರೆ ತೊಟ್ಟಿಲನ್ನು ತೋರಿಸುತ್ತಿರುವ ಕೋಶಗಳು ಎಂಥವು? ಇನ್ನೊಂದು ಮಾತನ್ನೂ ಅವರು ಹೇಳಿದರು. ತಿರುಗುವುದು ನಿಂತು, ಕಿವಿಯಿಂದ ಬರುವ ಸುದ್ದಿಯೂ ನಿಂತ ಮೇಲೆ, ಮಿದುಳಿನ ಆ ಕೋಶಗಳು ಇನ್ನಷ್ಟು ಹೊತ್ತು ಅದನ್ನೇ ಹಿಡಿದುಕೊಂಡಿರುತ್ತವಂತೆ. ನೆನಪಿನ ಹಾಗೆ ಎಂದುಕೊಂಡೆ. ಇದನ್ನು ಆಗಲೇ ಅಂದುಕೊಂಡೆನೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೋ ಹೇಳಲಾರೆ.

"ಮಲಗಿಬಿಟ್ಟರೆ ಅವು ಕಲಿಯುವುದಿಲ್ಲ. ತಲೆ ತಿರುಗಿಸಬೇಕು, ನಡೀಬೇಕು, ಸುತ್ತು ಬರಬೇಕು. ತಪ್ಪಾದರೇನೇ ಅವು ತಿದ್ದಿಕೊಳ್ಳೋದು" ಎಂದು ಹೇಳಿ ಡಾಕ್ಟರು ಮಾತ್ರೆಗಳನ್ನು ನಿಲ್ಲಿಸಿದರು.

ಅತ್ತೆ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ವಾಪಸ್ಸು ಬರುವ ಬಸ್ಸಿನಲ್ಲಿ ಅವರ ಮುಖ ಅರಳಿತ್ತು.

"ನೋಡ್ದಾ, ಡಾಕ್ಟ್ರೂ ಅದ್ನೇ ಯೋಳುದ್ರು. ತಿರುಗು ಅಂತಾರೆ ಅವ್ರು. ಉರುಳು ಅಂತಾನೆ ನಂಜುಂಡಪ್ಪ. ಇಬ್ರೂ ಒಂದೇ ಯೋಳ್ತಾವ್ರೆ ಕಣವ್ವ. ನೀನೊಬ್ಳೇ ಬ್ಯಾಡ ಅನ್ನದು."

ಮಗುವಿನ ಜೊತೆಗೆ ನನ್ನ ಆರೈಕೆಯೂ ಅತ್ತೆಯೊಬ್ಬರಿಂದ ಸಾಧ್ಯವಿಲ್ಲ ಎಂದು ನನ್ನನ್ನು ತವರಿಗೆ, ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಗೆ ಕಳಿಸಿದರು. ಮಗು ನಂಜನಗೂಡಿನಲ್ಲೇ ಉಳಿಯಿತು. ಹೊರಡುವಾಗ ಗಂಡ ಅವಳನ್ನು ನನ್ನ ಮುಖದ ಹತ್ತಿರಕ್ಕೆ ಹಿಡಿದರು. ಕೆನ್ನೆ ಮೂಸಿದೆ, ಅಷ್ಟೇ. ನಾನೂ ಕೈ ಚಾಚಲಿಲ್ಲ. ಅವಳು ಕೈಜಾರಿ ಬೀಳುವುದನ್ನು ಅಷ್ಟು ಸಲ ಕಲ್ಪಿಸಿಕೊಂಡಿದ್ದೆನಲ್ಲ, ಕೈ ಮುಂದೆ ಬರಲಿಲ್ಲ.

ಹೆಮ್ಮಿಗೆಯಲ್ಲಿ ಡಾಕ್ಟರು ಹೇಳಿದ ವ್ಯಾಯಾಮಕ್ಕೆ ನನಗೆ ಸಿಕ್ಕಿದ್ದು ಗದ್ದೆಯ ಬದು. ಒಂದು ಪಾದ ಇಡುವಷ್ಟು ಅಗಲ, ಎರಡೂ ಕಡೆ ನೀರು. ನಡೆಯುತ್ತಾ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಬೇಕು. ಎಡಕ್ಕೆ ತಿರುಗಿಸಿದ ಕೂಡಲೇ ಪೈರೆಲ್ಲ ಒಂದು ಜಿಗಿತ ಜಿಗಿದು ನಿಲ್ಲುತ್ತಿತ್ತು. ಅವ್ವ ಹಿಂದೆಯೇ ನನ್ನ ಸೆರಗನ್ನು ಹಗ್ಗದಂತೆ ಹಿಡಿದುಕೊಂಡು ಬರುತ್ತಿದ್ದಳು. ದಿನಾಲೂ ಬೀಳುತ್ತಿದ್ದೆ. ಕೆಸರು ಮೆತ್ತಗಿತ್ತು. ಒಂದು ದಿನ ಅವ್ವನೂ ನನ್ನ ಜೊತೆಗೇ ಬಿದ್ದಳು. ಅದನ್ನು ನೋಡಿ ಪಕ್ಕದ ಗದ್ದೆಯವರು, ತಾಯಿ ಮಗಳಿಬ್ಬರೂ ನಾಟಿ ಹಾಕುತ್ತಿದ್ದೀರೋ ಕೀಳುತ್ತಿದ್ದೀರೋ ಎಂದು ಕೇಳಿದ್ದು ನಮ್ಮ ಮನೆಯಲ್ಲಿ ಬಹಳ ದಿನ ಉಳಿದ ತಮಾಷೆ. ಅವ್ವ ನಕ್ಕಳು. ನಾನೂ ನಕ್ಕೆ ಎಂದು ಅವಳು ಹೇಳುತ್ತಿದ್ದಳು. ನನಗೆ ನೆನಪಿರುವುದು ಕೆಸರಿನಲ್ಲಿ ಕೂತು ಸೊಂಟ ಮುಟ್ಟಿ ನೋಡಿಕೊಂಡದ್ದು. ಈಗ ಅಲ್ಲಿ ಮಗು ಇದ್ದಿದ್ದರೆ?

ಹರಕೆಯ ವಿಷಯ ಅಪ್ಪನಿಗೆ ಹೇಳಿದ್ದು ಅಲ್ಲಿಗೆ ಹೋದ ಎಷ್ಟೋ ದಿನದ ಮೇಲೆ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ಬೌದ್ಧನಾಗಿದ್ದ. ನಡುಮನೆಯಲ್ಲಿ ಬುದ್ಧನ ಪಟವೊಂದು ಬಿಟ್ಟರೆ ಬೇರೆ ಪಟವಿರಲಿಲ್ಲ. ನನ್ನ ಗಂಡನ ಮನೆಯವರು ನಮ್ಮವರೇ ಆದರೂ ಹಳೆಯ ದೇವರುಗಳನ್ನು ಬಿಟ್ಟವರಲ್ಲ. ಅದಕ್ಕಾಗಿ ಬೀಗರ ನಡುವೆ ಒಂದು ದಿನವೂ ಜಗಳವಾಗಿರಲಿಲ್ಲ. ಅಪ್ಪ ಬುದ್ಧನ ಪಟದ ಕಡೆ ನೋಡಲಿಲ್ಲ, ನನ್ನ ಕಾಲಿನ ಕಡೆ ನೋಡಿದ.

"ನಾವು ನೆಟ್ಟಗೆ ನಿಂತ್ಕಳದ ಕಲಿಯಕ್ಕೆ ಎಷ್ಟು ತಲೆಮಾರು ಬೇಕಾಯ್ತು ಗೊತ್ತಾ ನಿಂಗೆ? ಈಗ ಓಗಿ ಮಲಿಕ್ಕಂಡು ಉರುಳ್ತೀಯಾ?"

"ನನ್ನ ಮಗು ಬೇಕಪ್ಪ ನಂಗೆ" ಎಂದೆ.

ಅಪ್ಪ ಎದ್ದು ಹಟ್ಟಿಯ ಕಡೆಗೆ ಹೋದ. ಮರುದಿನದಿಂದ ಬದುವಿನ ಮೇಲೆ ನನ್ನ ಮುಂದೆ ಅಪ್ಪ ಹಿಮ್ಮುಖವಾಗಿ ನಡೆಯತೊಡಗಿದ, ಎರಡೂ ಕೈಗಳನ್ನು ನನ್ನ ಕಡೆಗೆ ಚಾಚಿಕೊಂಡು, ಮುಟ್ಟದೆ.

ಬೀಳುವುದು ಕಡಿಮೆಯಾಯಿತು. ಭಯ ಕಡಿಮೆಯಾಗಲಿಲ್ಲ. ಇವೆರಡೂ ಒಟ್ಟಿಗೆ ಇಳಿಯುತ್ತವೆ ಎಂದುಕೊಂಡಿದ್ದೆ. ವಾಪಸ್ಸು ನಂಜನಗೂಡಿಗೆ ಹೊರಟ ದಿನ ಅದು ಚೆನ್ನಾಗಿ ತಿಳಿಯಿತು. ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತಿದ್ದೆ. ಒಬ್ಬಳೇ ಹೋಗಿ ತೋರಿಸುತ್ತೇನೆಂದು ಹಟ ಮಾಡಿ ಅಪ್ಪನನ್ನು ಊರಿನಲ್ಲೇ ಬಿಟ್ಟು ಬಂದಿದ್ದೆ. ಪಕ್ಕದಲ್ಲಿ ನಿಂತಿದ್ದ ಬಸ್ಸು ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿದು ತಿರುಗತೊಡಗಿತು. ಅದರ ಕಿಟಕಿಗಳು, ಕಿಟಕಿಯ ಮುಖಗಳು ನನ್ನ ಕಣ್ಣ ಮುಂದೆ ಒಂದೇ ಸಮನೆ ಹರಿದವು. ನನ್ನ ಬಸ್ಸು ಗಿರ್ರನೆ ಸುತ್ತಿತು. ಸುತ್ತೇ ಮತ್ತೆ ಬಂತು ಎಂದುಕೊಂಡೆ. ಮುಂದಿನ ಸೀಟಿನ ಕಂಬಿಯನ್ನು ಅಪ್ಪಿ ಹಿಡಿದು ಏನೋ ಕೂಗಿರಬೇಕು. ಕಂಡಕ್ಟರ್ ಬಂದು ನಿಂತಿದ್ದ.

"ಯಾಕಕ್ಕ? ಬಸ್ಸು ನಿಂತೇ ಅದೆ. ಡ್ರೈವರು ಟೀ ಕುಡಿಯಕ್ಕೆ ಓಗವ್ನೆ."

ಹಿಂದಿನ ಸೀಟಿನ ಅಜ್ಜಿಯೊಬ್ಬಳು, ತನಗೂ ಹಾಗೇ ಅನ್ನಿಸಿತು, ಅದಕ್ಕೇ ತಾನು ಕಿಟಕಿ ಪಕ್ಕ ಕೂರುವುದೇ ಇಲ್ಲ ಎಂದಳು. ಎಲ್ಲರಿಗೂ ಆಗುತ್ತದೆ. ಆ ಕೋಶಗಳು ಕಿವಿ ಹೇಳಿದ್ದನ್ನಷ್ಟೇ ಕೇಳುವುದಿಲ್ಲ, ಕಣ್ಣು ಹೇಳಿದ್ದನ್ನೂ ಕೇಳುತ್ತವೆ; ಕಣ್ಣ ತುಂಬ ಏನಾದರೂ ಹರಿದರೆ ನಾವೇ ತಿರುಗುತ್ತಿದ್ದೇವೆ ಎಂದುಬಿಡುತ್ತವೆ. ಇದೂ ನನಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ನಂಜನಗೂಡು ಬರುವ ತನಕ ಕಂಬಿ ಬಿಡಲಿಲ್ಲ.

ಮಗಳು ಅಷ್ಟರಲ್ಲಿ ನಡೆಯುವುದನ್ನು ಕಲಿತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಓಡಿ ಹೋಗಿ ಅತ್ತೆಯ ಸೀರೆಯ ಹಿಂದೆ ನಿಂತಳು. ಅತ್ತೆ ಅವಳನ್ನು ಮುಂದಕ್ಕೆ ತಳ್ಳಲಿಲ್ಲ. ಬರುವ ಸೋಮವಾರ ಹರಕೆ ತೀರಿಸಿಬಿಡೋಣ ಎಂದರು.

ನಾನು ಒಪ್ಪಿದ್ದು ಯಾತಕ್ಕೆ? ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಂಬಿ ಅಲ್ಲ. ಅಪ್ಪನ ಮಾತು ತಲೆಯಲ್ಲಿತ್ತು, ನಾಚಿಕೆಯೂ ಇತ್ತು. ಮಗುವಿಗಾಗಿ ಎಂದು ಹೇಳಿಕೊಳ್ಳುವುದು ಸುಲಭ. ಆದರೆ ಗುಡಿಯ ಸುತ್ತ ಉರುಳಿ ಎದ್ದು ನಿಂತರೆ ನನಗೇ ನನ್ನ ಮೇಲೆ ಧೈರ್ಯ ಬಂದೀತು ಎಂಬ ಆಸೆಯೂ ಎಲ್ಲೋ ಇತ್ತೆಂದು ಕಾಣುತ್ತದೆ. ನಂಬದ ಹರಕೆಯಿಂದಲೂ ಏನಾದರೂ ಸಿಗಲಿ ಎನ್ನುವ ಆಸೆ.

ಸೋಮವಾರ ಬೆಳಿಗ್ಗೆ ಕಪಿಲಾ ನದಿಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಗುಡಿಗೆ ಬಂದೆವು. ಅತ್ತೆಯೂ ಮುಳುಗಿದ್ದರು. ಗಂಡ ಮಗುವನ್ನು ಎತ್ತಿಕೊಂಡು ಮುಂದೆ ನಿಂತಿದ್ದರು. ನಮಗಿಂತ ಮುಂದೆ ಬೇರೆ ಯಾರೋ ಉರುಳುತ್ತಾ ಹೋದ ಒದ್ದೆ ಗುರುತು ಕಲ್ಲಿನ ಮೇಲಿತ್ತು. ತಲೆಯನ್ನು ಗುಡಿಯ ಕಡೆಗೆ ಮಾಡಿ ಮಲಗಿ, ಕೈಗಳನ್ನು ತಲೆಯ ಮೇಲೆ ಚಾಚಿ ಜೋಡಿಸಿದೆ. ಕಲ್ಲು ತಣ್ಣಗಿತ್ತು. ಅತ್ತೆ ಸೆ‌ರಗು ಸರಿಮಾಡಿ, ಭುಜಕ್ಕೆ ಕೈ ಕೊಟ್ಟರು.

ಮೊದಲ ಉರುಳಿಗೆ ಬಲಭುಜ, ಆಮೇಲೆ ಮೂಗಿಗೆ ಕಲ್ಲಿನ ವಾಸನೆ, ಆಮೇಲೆ ಎಡಗಿವಿ ನೆಲಕ್ಕೆ ತಾಗಿತು, ಆಮೇಲೆ ಆಕಾಶ. ಆಕಾಶದ ಜೊತೆ ಗೋಪುರ. ಎರಡನೆಯದು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಮುಖ ಮೇಲೆ ಬಂದಾಗ ಗೋಪುರ ನಿಲ್ಲಲಿಲ್ಲ. ಅಡಿಗೆಮನೆಯ ಗೋಡೆಯ ಹಾಗೆಯೇ ಹೊರಟಿತು. ಅಷ್ಟು ಎತ್ತರದ ಕಲ್ಲು ಮತ್ತೆ ಮತ್ತೆ ಇದ್ದಲ್ಲಿಂದಲೇ ಹೊರಡುತ್ತಿತ್ತು. ನಾನು ಅಂಗೈಗಳನ್ನು ನೆಲಕ್ಕೆ ಒತ್ತಿದೆ. ಅತ್ತೆಯ ಕೈ ಇನ್ನೂ ಭುಜವನ್ನು ತಳ್ಳುತ್ತಿತ್ತು. ಸಾಕು ಎಂದೆನೋ, ಅತ್ತೆಮ್ಮ ಎಂದೆನೋ ತಿಳಿಯದು. ಉಗುರು ಕಲ್ಲಿನ ಸಂದಿಗೆ ಸಿಕ್ಕಿಸಿಕೊಂಡು ಹಲ್ಲಿಯಂತೆ ಕಚ್ಚಿ ಹಿಡಿದಿದ್ದೆ ಎಂದು ಗಂಡ ಹೇಳುತ್ತಾರೆ.

ಎಷ್ಟೋ ವರ್ಷದ ಮೇಲೆ ಒಂದು ಲೇಖನದಲ್ಲಿ ಓದಿದೆ. ತಲೆಯನ್ನು ನಾವೇ ತಿರುಗಿಸಿದಾಗ ಆ ಕೋಶಗಳಲ್ಲಿ ಹಲವು ದನಿ ತಗ್ಗಿಸುತ್ತವೆ. ತಿರುಗುವುದು ಮಿದುಳಿಗೆ ಮೊದಲೇ ತಿಳಿದಿರುತ್ತದೆ. ಬೇರೆ ಯಾರೋ ನಮ್ಮನ್ನು ತಿರುಗಿಸಿದರೆ ಮಾತ್ರ ಅವು ಪೂರ್ತಿ ದನಿಯಲ್ಲಿ ಕೂಗುತ್ತವೆ. ಓದಿದ ಕೂಡಲೇ ನೆನಪಾದದ್ದು ಭುಜದ ಮೇಲಿನ ಆ ಕೈ. ನಾನು ಉರುಳುತ್ತಿದ್ದೆನೋ, ಉರುಳಿಸಿಕೊಳ್ಳುತ್ತಿದ್ದೆನೋ?

ಭುಜದಿಂದ ಕೈ ಹೋಯಿತು. ಅತ್ತೆ ನನ್ನ ಮುಖದ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು. ಏನು ಕಂಡರೋ.

"ಏಳವ್ವ ಮ್ಯಾಕೆ. ನಾ ಉರುಳ್ತೀನಿ. ಬೇಡ್ಕಂಡ ಬಾಯಿ ನಂದು, ಅರಕೆ ನಂದು."

ಆ ವಯಸ್ಸಿನಲ್ಲಿ ಬೇಡ ಎಂದು ಗಂಡ ಹೇಳಿ ನೋಡಿದರು. ಅತ್ತೆ ಸೀರೆಯನ್ನು ಕಾಲಿಗೆ ಸುತ್ತಿ ಸಿಕ್ಕಿಸಿಕೊಂಡು ಆಗಲೇ ಮಲಗಿದ್ದರು. ನಾನು ಬಿಟ್ಟ ಜಾಗದಿಂದಲ್ಲ, ಮೊದಲಿನಿಂದ. ಗುಡಿಯ ಪೂರ್ತಿ ಸುತ್ತನ್ನು ಅವರು ಉರುಳಿದರು. ದಾರಿ ತಪ್ಪಿ ಗೋಡೆಯ ಕಡೆಗೆ ಹೋಗದಂತೆ ಪಕ್ಕದಲ್ಲಿ ಬಗ್ಗಿ ನಡೆದು ಕೈಯಿಂದ ನೇರ ಮಾಡುತ್ತಾ ಹೋಗಬೇಕು. ಆ ಕೆಲಸ ನನ್ನದಾಯಿತು. ಬಗ್ಗಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ, ಅವರ ಮೊಣಕೈ ತರಚಿದ್ದನ್ನು ನೋಡುತ್ತಾ ಸುತ್ತು ಮುಗಿಯುವವರೆಗೆ ನಡೆದೆ. ನನಗೆ ಸುತ್ತು ಬರುತ್ತದೋ ಇಲ್ಲವೋ ಎಂದು ನೋಡಿಕೊಳ್ಳುವುದಕ್ಕೆ ಪುರುಸೊತ್ತಿರಲಿಲ್ಲ.

ಕೊನೆಗೆ ಅತ್ತೆ ಎದ್ದು ಕೂತರು. ನಿಲ್ಲಲು ಹೋದರು. ಒಂದು ಕಡೆಗೆ ಸರಕ್ಕನೆ ವಾಲಿದರು. ನಾನು ಹಿಡಿದೆ. ಯೋಚಿಸಿ ಹಿಡಿದದ್ದಲ್ಲ. ಅವರ ಇಡೀ ಭಾರ ನನ್ನ ಎಡಗಡೆಗೆ ಬಿತ್ತು, ನಾನು ನಿಂತಿದ್ದೆ. ಅವರ ಕಣ್ಣು ನೋಡಿದೆ. ಕಣ್ಣಾಲಿಗಳು ಮೆಲ್ಲಗೆ ಒಂದು ಕಡೆಗೆ ಜಾರುತ್ತಿದ್ದವು, ಥಟ್ಟನೆ ಹಿಂದಕ್ಕೆ ಬರುತ್ತಿದ್ದವು, ಮತ್ತೆ ಜಾರುತ್ತಿದ್ದವು. ಮೈಸೂರಿನ ಡಾಕ್ಟರು ಕುರ್ಚಿ ನಿಲ್ಲಿಸಿ ನನ್ನ ಕಣ್ಣಿನಲ್ಲಿ ನೋಡಿದ್ದು ಇದನ್ನೇ. ಚೊಂಬು ನಿಂತಿದೆ, ಎಲೆ ನಿಂತಿಲ್ಲ.

"ಗುಡಿ ಓಯ್ತಾ ಅದೆ ಕಣವ್ವ" ಎಂದರು. ದನಿಯಲ್ಲಿ ನಾನು ಎಂದೂ ಕೇಳದಿದ್ದ ಹೆದರಿಕೆ ಇತ್ತು. "ಇಡ್ಕ, ನನ್ನ ಇಡ್ಕ."

"ಹಿಡಿದಿದ್ದೀನಿ. ಕಣ್ಣು ಮುಚ್ಚಬೇಡಿ ಅತ್ತೆಮ್ಮ. ನನ್ನ ಹಣೆ ಬೊಟ್ಟು ನೋಡಿ. ಅದನ್ನೇ ನೋಡಿ."

ಅವರು ನನ್ನ ಹಣೆಯನ್ನೇ ದಿಟ್ಟಿಸಿದರು. ನದಿಯಲ್ಲಿ ಮುಳುಗಿ ಬಂದ ಹಣೆಯ ಮೇಲೆ ಬೊಟ್ಟು ಉಳಿದಿತ್ತೋ ಇಲ್ಲವೋ. ಕಣ್ಣಿನ ಓಟ ಮೆಲ್ಲಗೆ ತಗ್ಗಿತು. ಗೋಡೆಗೆ ಒರಗಿಸಿ ಕೂರಿಸಿದೆ. ಬಹಳ ಹೊತ್ತು ಅವರು ನನ್ನ ರಟ್ಟೆ ಬಿಡಲಿಲ್ಲ.

"ಇದೇನಾ ನಿಂಗಾಯ್ತಿದ್ದುದ್ದು?"

"ಹೂಂ."

"ನಂಗೆ ಆಗ್ಲೇ ನಿಂತೋಯ್ತು. ನಿಂಗೆ ನಿಂತಿರ್ನಿಲ್ವಾ?"

"ಇಲ್ಲ ಅತ್ತೆಮ್ಮ."

"ಮಲಗಿದ್ರೂವೆ?"

"ಮಲಗಿದ್ದರೂ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಗನ ಕಡೆಗೆ ತಿರುಗಿ, "ಏನ್ಲಾ ನೋಡ್ತಾ ನಿಂತಿದ್ದೀಯೆ? ಮಗೀನ ಕೊಡ್ಲಾ ಅವಳ್ಗೆ" ಎಂದರು.

ಮಗಳು ನನ್ನ ಸೊಂಟಕ್ಕೆ ಬಂದಳು. ನಾನು ಬಿಟ್ಟು ಹೋದಾಗಿನ ತೂಕವಲ್ಲ ಅದು. ಒದ್ದೆ ಸೀರೆಯ ತಂಪು ಅವಳಿಗೆ ಹಿಡಿಸಲಿಲ್ಲ, ಕೊಸರಾಡಿದಳು, ನನ್ನ ಜಡೆ ಹಿಡಿದು ಎಳೆದಳು. ಗುಡಿಯಿಂದ ಮನೆಗೆ ಹೋಗಲು ಎಡಕ್ಕೆ ತಿರುಗಬೇಕು. ಅಲ್ಲಿ ನಿಂತೆ. ಗಂಡ ಹತ್ತಿರ ಬಂದರು, ಬೇಡವೆಂದೆ. ಎಡಕ್ಕೆ ನೋಡಿ, ತಲೆಯನ್ನು ನಾನೇ ತಿರುಗಿಸಿ, ಆಮೇಲೆ ಮೈ ತಿರುಗಿಸಿ ನಡೆದೆ. ಬೀದಿ ಒಂದು ಸಲ ಅಲುಗಿತು. ನಿಂತಿತು.

ಎರಡು ಸಾವಿರದ ಇಸವಿಯ ಈಚೆಗೆ, ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಒಂದು ಸಂಜೆ ಕಳಲೆಯ ಮನೆಯ ಅಂಗಳದಲ್ಲಿ ಅವಳು ಕೈ ಚಾಚಿ ಗಿರಗಿರನೆ ಸುತ್ತುತ್ತಿದ್ದಳು. ಸುತ್ತಿ ಸುತ್ತಿ ನಿಂತು, ಮನೆ ತಿರುಗುತ್ತಿದೆ ಎಂದು ಕಿರುಚಿ ನಗುವುದು, ಮತ್ತೆ ಸುತ್ತುವುದು. ಮಕ್ಕಳಿಗೆ ಅದೇ ಆಟ. ನನಗೆ ನೋಡಲು ಆಗುತ್ತಿರಲಿಲ್ಲ. ಕಣ್ಣು ತಪ್ಪಿಸಲೆಂದು ಜಗಲಿಯಲ್ಲಿ ಕೂತಿದ್ದ ಅತ್ತೆಯನ್ನು ಮಾತಿಗೆಳೆದು, ಅಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿಬಿಟ್ಟೆ. ಆ ದಿನ ಮಗು ನನ್ನ ಸೊಂಟದ ಮೇಲೆ ನಿಜವಾಗಿ ಇತ್ತಾ?

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನಿನ್ನ ಸೊಂಟದ ಮ್ಯಾಲೆಲ್ಲಿತ್ತು? ನನ್ನ ಸೊಂಟದ ಮ್ಯಾಲಿತ್ತು ಕಣವ್ವ. ನೀ ಬೀಳದ್ನ ಅದೂ ನೋಡ್ತು."

ಮೊದಲು ಅಕ್ಕಪಕ್ಕದವರಿಗೆ ಹೇಳಿದ್ದೇ ಬೇರೆಯಲ್ಲವೇ ಎನ್ನಲು ಹೋದೆ. ಅವರ ಮುಖದಲ್ಲಿ ಯಾವ ಅನುಮಾನವೂ ಇರಲಿಲ್ಲ. ಅವರಿಗೆ ಈಗ ನೆನಪಿರುವುದೇ ಹಾಗೋ, ನನಗಾಗಿ ಬದಲಿಸಿದರೋ ಕೇಳಲಾಗಲಿಲ್ಲ. ಮಗು ಅವರ ಸೊಂಟದ ಮೇಲಿದ್ದರೆ, ಓಡಿ ಬಂದು ಎರಡೂ ಕೈಗಳಿಂದ ನನ್ನ ಬೆರಳುಗಳನ್ನು ಬೀಗದಕೈಯ ಮೇಲೆ ಅಮುಕಿದ್ದು ಹೇಗೆ?

"ಅಮ್ಮ, ಬೀಳ್ತೀನಿ, ಹಿಡ್ಕೋ" ಎಂದು ಅಂಗಳದಿಂದ ಮಗಳು ಕೂಗಿದಳು. ಮತ್ತೆ ಸುತ್ತಲು ಶುರುಮಾಡಿದ್ದಳು. ಅತ್ತೆ ಏಳಲೆಂದು ನೆಲಕ್ಕೆ ಕೈ ಊರಿದರು. ನಾನು ಅಂಗಳಕ್ಕೆ ಇಳಿದು ಕೈ ಚಾಚಿ ನಿಂತದ್ದನ್ನು ನೋಡಿ, ಕೈ ತೆಗೆದು ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದರು.